ಆವತ್ತು ಅಮ್ಮೋರು ಒರ್ಗೆ ಕುಂತಿದ್ರು

ಮನೆಯ ಮುಂದಿನ ಕೋಣೆಯಲ್ಲಿ ನಾನು ನಡೆಸುವ ಬಾಡಿಗೆ ಲೈಬ್ರರಿಯ ಪ್ರತಿಯೊಂದು ಪುಸ್ತಕದ ಕೊನೆಗೂ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಮೇಲ್ಗಡೆ ‘ಓದುಗರ ಅಭಿಪ್ರಾಯ’ ಎಂದು ನಾನೇ ದುಂಡಗೆ ಬರೆದಿದ್ದೇನೆ. ಇದೇನೂ ಸಾಹಿತ್ಯ ಸೇವೆಯಲ್ಲ. ಶ್ರೀರಂಗಪಟ್ಟಣದ ಜನಕ್ಕೆ ಪತ್ತೇದಾರಿ ಕಾದಂಬರಿ ಓದಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಮೊದಲನೇ ಪುಟದಲ್ಲೇ ‘ಕೊಲೆ ಮಾಡಿದ್ದು ಡಾಕ್ಟರು’ ಎಂದು ಬರೆದು, ಸಾಲದು ಅಂತ ಕೆಳಗೆ ಎರಡು ಗೆರೆ ಎಳೆದು ತಂದಿಡುತ್ತಿದ್ದರು. ಮುಂದೆ ಓದಿದವನು ಬಂದು ನನ್ನ ಮೇಲೆ ರೇಗುತ್ತಿದ್ದ. ಬರೆಯುವ ಚಟ ಇರುವವರು ಹಿಂದೆ ಬರೆದುಕೊಂಡು ಸಾಯಲಿ ಅಂತ ಹಾಳೆ ಅಂಟಿಸಿದೆ.

ಬರೆದರು ನೋಡಿ! ಬೂಕನಕೆರೆಯ ಹೊನ್ನಪ್ಪನವರು ಹದಿನೈದು ದಿನಕ್ಕೊಮ್ಮೆ ಮಗಳ ಮನೆಗೆ ಬರುವವರು. ಕೆ.ಆರ್. ಪೇಟೆ ಕಡೆಯ ಬಸ್ಸು ಇಳಿದು ಮೊದಲು ನನ್ನ ಹತ್ತಿರ ಮಾಯಾಕಥೆಯ ಪುಸ್ತಕ ಬದಲಾಯಿಸಿಕೊಂಡು, ಆಮೇಲೆ ಮೊಮ್ಮಕ್ಕಳ ಮುಖ ನೋಡುತ್ತಿದ್ದರು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುವುದಕ್ಕೆ ಅವರ ತಕರಾರಿಲ್ಲ. ಆದರೆ ರಾಜಕುಮಾರಿ ಆಗತಾನೇ ಈದ ಹಸುವಿನ ಹಾಲಿನಲ್ಲಿ ಪಾಯಸ ಮಾಡಿದಳು ಎಂಬಲ್ಲಿ ಅವರಿಗೆ ಸಿಟ್ಟು ಬಂದಿತ್ತು. ‘ಈದ ದಿನ ಬರೋದು ಗಿಣ್ಣಾಲು. ಕಾಸಿದ್ರೆ ಗಟ್ಟಿ ಆಯ್ತದೆ. ಬರ್ದೋನು ಕೊಟ್ಟಿಗೆ ಕಂಡಿಲ್ಲ’ ಎಂದು ಬರೆದು ರುಜು ಬೇರೆ ಹಾಕಿದ್ದರು.

ಪಾಂಡವಪುರದ ಶಿವಶಂಕರ್‌ಗೆ ಪತ್ತೇದಾರಿಯೇ ಆಗಬೇಕು. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುವ ಹುಡುಗ, ಎರಡು ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದ. ‘ನಲವತ್ತನೇ ಪುಟಕ್ಕೇ ಗೊತ್ತಾಯಿತು’ ಎನ್ನುವುದು ಅವನ ಕಾಯಂ ಅಭಿಪ್ರಾಯ. ಅವನಿಗೆ ಗೊತ್ತಾಗದ ಪುಟ ಯಾವುದು ಅಂತ ಒಂದು ದಿನ ಕೇಳಬೇಕು ಎಂದುಕೊಂಡಿದ್ದೆ.

ಇನ್ನು ಚಿಕ್ಕಬೋರಮ್ಮ. ಗಂಜಾಂನಿಂದ ಬಂದು ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆದು, ಕೊಟ್ಟಿಗೆ ಬಾಚಿ ಹೋಗುವವಳು. ಸಾಕ್ಷರತಾ ಆಂದೋಲನ ಬಂದ ವರ್ಷ ನಮ್ಮ ಜಗಲಿಯ ಮೇಲೆ ಹನ್ನೆರಡು ಹೆಂಗಸರಿಗೆ ನಾನು ಅಕ್ಷರ ಕಲಿಸಿದೆ. ಹನ್ನೊಂದು ಜನ ರುಜು ಕಲಿತು ನಿಲ್ಲಿಸಿದರು. ಚಿಕ್ಕಬೋರಮ್ಮ ಮಾತ್ರ ಐವತ್ತೈದರ ವಯಸ್ಸಿನಲ್ಲಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತಾ ರಾಜಕುಮಾರಿಯರ ಕಥೆಗೆ ಬಂದಳು. ಅವಳ ಬಲಗೈಯ ಎರಡು ಬೆರಳು ಮಡಿಸಿಕೊಂಡೇ ಇರುತ್ತವೆ. ಬಳಪ ಸರಿಯಾಗಿ ಹಿಡಿ ಎಂದು ಎಷ್ಟು ಸಲ ಗದರಿದ್ದೇನೋ. ‘ಸುಟ್ಟ ಕೈ ಕಣ್ರಮ್ಮೋರೆ, ನೆಟ್ಗಾಗಾಕಿಲ್ಲ’ ಎನ್ನುತ್ತಿದ್ದಳು. ಒಲೆಯ ಮುಂದೆ ಬದುಕಿದವಳು, ಸುಟ್ಟಿರುತ್ತದೆ ಎಂದು ನಾನು ಕೇಳಲೇ ಇಲ್ಲ. ಏಳು ವರ್ಷ ಮಾತಾಡದೆ ವ್ರತ ಮಾಡಿದ ರಾಜಕುಮಾರಿಯ ಕಥೆಗೆ ಅವಳ ಅಭಿಪ್ರಾಯ ಇದು: ‘ಮಾತಾಡ್ನಿಲ್ಲ ಸರಿ. ಅಸಿವಾದ್ರೆ ಏನ್ ಮಾಡುದ್ಲು.’

ನನ್ನ ಹೆಸರು ಇಂದಿರ. ನಾಗಮಂಗಲದವಳು. ದೇವಸ್ಥಾನದ ಮನೆತನದಲ್ಲಿ ಹುಟ್ಟಿ, ದೇವಸ್ಥಾನದ ಮನೆತನಕ್ಕೇ ಬಂದವಳು. ನಮ್ಮ ಯಜಮಾನರು ರಾಮಸ್ವಾಮಿ ಕಚೇರಿಯಲ್ಲಿ ಗುಮಾಸ್ತರು, ಬೆಳಿಗ್ಗೆ ಮನೆಯ ಪೂಜೆ ಮುಗಿಸಿಯೇ ಹೊರಗೆ ಕಾಲಿಡುವವರು. ಅವರಿಗೆ ಮೊದಲು ನನ್ನ ಅಕ್ಕ ಕನಕವಲ್ಲಿಯನ್ನು ಕೊಟ್ಟಿತ್ತು. ಎಂಬತ್ತನಾಲ್ಕರಲ್ಲಿ ಅಡುಗೆಮನೆಯಲ್ಲಿ ಪಂಪ್ ಸ್ಟವ್ ಸಿಡಿದು ಕನಕ ಹೋದಳು. ಎರಡು ವರ್ಷದ ಮಗಳಿದ್ದಳು, ಸ್ಮೃತಿ. ಮಗುವಿಗೆ ಯಾರೋ ಮಲತಾಯಿ ಬರುವ ಬದಲು ತಂಗಿಯೇ ಹೋಗಲಿ ಎಂದು ವರ್ಷ ತುಂಬುವುದರೊಳಗೆ ನನ್ನನ್ನು ಭಾವನಿಗೇ ಕೊಟ್ಟರು. ನಮ್ಮಲ್ಲಿ ಇದು ಹೊಸದೇನೂ ಅಲ್ಲ. ನಾನೂ ಇಲ್ಲ ಅನ್ನಲಿಲ್ಲ. ಆ ಮಗುವಿನ ಮುಖ ನೋಡಿ ಇಲ್ಲ ಅನ್ನಲು ನನ್ನಿಂದ ಆಗುತ್ತಿರಲಿಲ್ಲ.

ನನಗೆ ಬೇರೆ ಮಕ್ಕಳಾಗಲಿಲ್ಲ. ಸ್ಮೃತಿ ನನ್ನನ್ನು ಅಮ್ಮ ಎನ್ನುತ್ತಾಳೆ. ಅದೊಂದು ಮಾತು ಬಿಟ್ಟರೆ ಈ ಮನೆಯಲ್ಲಿ ನನ್ನದು ಅಂತ ಇನ್ನೇನಿದೆ?

ಎರಡು ವರ್ಷದ ಹಿಂದೆ, ಅವಳಿಗೆ ಹನ್ನೊಂದು, ಒಂದು ದಿನ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು. ‘ಅಮ್ಮಾ, ನಮ್ಮಪ್ಪನೇ ಕನಕಮ್ಮನ್ನ ಸುಟ್ಟಿದ್ದಂತೆ, ಹೌದಾ?’ ಕ್ಲಾಸಿನ ಯಾವಳೋ ಅಂದಿದ್ದಳಂತೆ. ಆಗ ಪೇಪರಿನಲ್ಲಿ ದಿನ ಬೆಳಗಾದರೆ ಅಂಥದೇ ಸುದ್ದಿ. ನನಗೆ ಬಂದ ಸಿಟ್ಟಿಗೆ ಆ ಹುಡುಗಿಯ ಮನೆಗೆ ಹೋಗಿ ಜಗಳ ಕಾಯಬೇಕು ಅನ್ನಿಸಿತು. ಇಲ್ಲ ಕಂದ, ಸ್ಟವ್ ಸಿಡಿದಿದ್ದು ಎಂದೆ. ಅವಳು ಹೂಂ ಅಂದಳು. ಆದರೆ ಅಂದಿನಿಂದ ಅಪ್ಪ ಊಟಕ್ಕೆ ಕೂತರೆ ಅವಳು ಎದ್ದು ಹೋಗುತ್ತಿದ್ದಳು.

ಅವಳಿಗೋಸ್ಕರವೇ ನಾನು ಆ ಪತ್ತೇದಾರಿ ಕಾದಂಬರಿ ಬರೆದೆ. ಅದಕ್ಕೆ ಮುಂಚೆ ಶ್ರೀರಾಮ್ ಎನ್ನುವ ಹೆಸರಿನಲ್ಲಿ ನನ್ನ ಎರಡು ಸಣ್ಣ ಕಾದಂಬರಿ ಅಚ್ಚಾಗಿದ್ದವು. ಅದು ಗೊತ್ತಿದ್ದದ್ದು ಮೈಸೂರಿನ ಪ್ರಕಾಶಕರಿಗೆ ಮತ್ತು ಸ್ಮೃತಿಗೆ ಮಾತ್ರ. ಬರೆಯುವುದಕ್ಕೆ ಸಮಯ ಎಲ್ಲಿಂದ ಅಂತ ಕೇಳಿದರೆ ನಗಬೇಡಿ. ನಮ್ಮ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕು. ಹಿತ್ತಿಲ ಜಗಲಿಯ ಮೇಲೆ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಒಳಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಒಳಗೆ ಪ್ರವೇಶ. ಅತ್ತೆ ತೀರಿಕೊಂಡು ಮೂರು ವರ್ಷವಾದರೂ ನಿಯಮ ತೀರಿಕೊಳ್ಳಲಿಲ್ಲ. ಆ ಮೂರು ದಿನ ಯಜಮಾನರೇ ಅನ್ನ ಸಾರು ಮಾಡಿ ಬಾಗಿಲಾಚೆ ಇಡುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಸ್ಮೃತಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ನನಗದು ರಜ. ಕಾಗದ ಪೆನ್ನು ಹಿಡಿದು ಕೂತುಬಿಡುತ್ತಿದ್ದೆ.

‘ಮುಚ್ಚಿದ ಅಡುಗೆಮನೆ’ ಎಂದು ಹೆಸರಿಟ್ಟೆ. ಮಡಿವಂತರ ಮನೆ, ಸಿಡಿದ ಸ್ಟವ್, ಸತ್ತ ಸೊಸೆ. ಊರೆಲ್ಲ ಗಂಡನ ಮೇಲೆ ಬೆರಳು ತೋರಿಸುತ್ತದೆ. ಹಿತ್ತಿಲ ಮಲ್ಲಿಗೆ ಬಳ್ಳಿ, ಬೆಲ್ಲ ಚೀಪುತ್ತಾ ನಿಂತಿದ್ದ ಮಗು, ಎಲ್ಲ ಯಜಮಾನರು ನನಗೆ ಹೇಳಿದ್ದೇ. ನನ್ನ ಪತ್ತೇದಾರ ಬಂದು ಒಬ್ಬೊಬ್ಬರನ್ನೇ ವಿಚಾರಿಸಿ, ಕಡೆಗೆ ಸ್ಟವ್ ಬಿಚ್ಚಿ ನೋಡುತ್ತಾನೆ. ವಾಷರ್ ಸವೆದಿರುತ್ತದೆ. ಅದು ಅಪಘಾತ. ಗಂಡ ನಿರಪರಾಧಿ, ಮಗಳನ್ನು ತಬ್ಬಿಕೊಂಡು ಅಳುತ್ತಾನೆ. ಅಚ್ಚಿಗೆ ಕಳಿಸುವ ಪ್ರತಿಯನ್ನು ಸ್ಮೃತಿಯೇ ಬರೆದುಕೊಟ್ಟಳು. ಕೊನೆಯ ಅಧ್ಯಾಯ ಬರೆದ ದಿನ ಹೋಗಿ ಅಪ್ಪನ ಪಕ್ಕದಲ್ಲಿ ಊಟಕ್ಕೆ ಕೂತಳು. ನನಗೆ ಆ ದಿನ ಆದಷ್ಟು ಸಂತೋಷ ಪುಸ್ತಕ ಅಚ್ಚಾಗಿ ಬಂದಾಗಲೂ ಆಗಲಿಲ್ಲ.

ತೊಂಬತ್ತೈದರ ದಸರಾ ಕಳೆದ ಮೇಲೆ ಪುಸ್ತಕ ಬಂತು. ಓದುಗರು ಉಗಿದರು. ‘ಇನ್ನೂರು ಪುಟ ಓದಿಸಿ ವಾಷರ್ ಸವೆದಿತ್ತು ಅಂದರೆ ಏನರ್ಥ? ನನ್ನ ಒಂದು ರೂಪಾಯಿ ವಾಪಸ್ ಕೊಡಿ’ ಅಂತ ಶಿವಶಂಕರ್. ಹೊನ್ನಪ್ಪನವರು ಮಾಯಾಕಥೆ ಬಿಟ್ಟು ಇದನ್ನು ಯಾಕೆ ತೆಗೆದುಕೊಂಡರೋ, ‘ಈ ಗಂಡ ಇಷ್ಟೊಂದು ಯಾಕೆ ಅಳ್ತಾನೆ? ಏನೋ ಮಾಡವ್ನೆ’ ಎಂದು ಬರೆದಿದ್ದರು. ಯಾರೋ ನಮ್ಮವರೇ, ರುಜು ಹಾಕದೆ, ‘ನಮ್ಮ ಜನರ ಮನೆ ಸಂಗತಿಯನ್ನು ಹೀಗೆ ಬೀದಿಗೆ ತರಬಾರದಿತ್ತು’ ಎಂದಿದ್ದರು. ಓದಿ ಮೈಯೆಲ್ಲ ಉರಿಯಿತು. ಬರೆದವಳು ಎದುರಿಗೇ ಕೂತಿದ್ದಾಳೆ ಅಂತ ಗೊತ್ತಿಲ್ಲದ ಜನ, ನನ್ನ ಮುಖ ನೋಡಿಕೊಂಡೇ ಬೈದು ಹೋಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ವಾಪಸು ಬಂದ ಪುಸ್ತಕಗಳನ್ನು ಜೋಡಿಸುತ್ತಿದ್ದೆ. ‘ಮುಚ್ಚಿದ ಅಡುಗೆಮನೆ’ ಕೈಗೆ ಬಂತು. ಯಾರಿನ್ನೇನು ಬೈದಿದ್ದಾರೋ ಎಂದು ಹಿಂದಿನ ಹಾಳೆ ತೆಗೆದೆ. ಕೆಳಗಡೆ ಉಳಿದಿದ್ದ ಜಾಗದಲ್ಲಿ ಪೆನ್ಸಿಲಿನ ದಪ್ಪ ಅಕ್ಷರ, ಗೆರೆ ಬಿಟ್ಟು ಜಾರಿದ ಸಾಲು. ಆ ಕೈಬರಹ ನಾನೇ ಕಲಿಸಿದ್ದು.

‘ಕತೆ ಚನಾಗದೆ. ಒಂದೇ ತಪು. ಆವತು ಅಮೋರು ಒರಗೆ ಕುಂತಿದರು. ಅಡಿಗೆ ಮನೆಗೆ ಎಂಗೆ ಓದಾರು.’

ಒತ್ತಕ್ಷರ ಬಿಟ್ಟಿದ್ದಾಳಲ್ಲ, ಎಷ್ಟು ಸಲ ಹೇಳಿಕೊಡಬೇಕು ಎಂದು ಮೊದಲು ಅನ್ನಿಸಿತು. ಆಮೇಲೆ ಇನ್ನೊಂದು ಸಲ ಓದಿದೆ. ಪುಸ್ತಕ ಮುಚ್ಚದೆ ಸ್ಟೂಲಿನ ಮೇಲೆ ಕೂತೆ.

ಹೊರಗೆ ಕೂತ ಹೆಂಗಸು ಅಡುಗೆಮನೆಗೆ ಹೋಗುವುದಿಲ್ಲ. ಹೋಗಲು ಬಿಡುವುದೂ ಇಲ್ಲ. ಪ್ರಾಣ ಹೋದರೂ ಇಲ್ಲ. ಇದು ನನ್ನ ಪತ್ತೇದಾರನಿಗೆ ಗೊತ್ತಿರದಿದ್ದರೆ ಕ್ಷಮಿಸಬಹುದು, ಅವನು ಗಂಡಸು. ಇನ್ನೂರು ಪುಟವನ್ನೂ ಆ ಜಗಲಿಯ ಮೇಲೇ ಕೂತು ಬರೆದ ನನಗೆ ಯಾಕೆ ಒಂದು ಸಲವೂ ಹೊಳೆಯಲಿಲ್ಲ?

ಪುಸ್ತಕ ಹಿಡಿದುಕೊಂಡೇ ಹಿತ್ತಿಲಿಗೆ ಓಡಿದೆ. ಚಿಕ್ಕಬೋರಮ್ಮ ಒಗೆಯುವ ಕಲ್ಲಿನ ಮುಂದೆ ಇದ್ದಳು.

‘ಇದನ್ನ ಬರೆದಿದ್ದು ನೀನಾ?’

‘ಊ ಕಣ್ರಮ್ಮೋರೆ. ತಪ್ಪಾಗದಾ? ಒತ್ತು ಕೊಡಾದು ಮರ್ತೋಯ್ತದೆ ನಂಗೆ.’

‘ಒತ್ತು ಹಾಳಾಗಲಿ. ಯಾವ ಅಮ್ಮೋರು ಹೊರಗೆ ಕೂತಿದ್ದು?’

ಅವಳು ನನ್ನನ್ನೇ ನೋಡಿದಳು. ‘ಯಾವ ಅಮ್ಮೋರು ಅಂದ್ರೆ? ಕನಕಮ್ಮೋರು. ಬುಕ್ನಾಗೆ ಎಸ್ರು ಬ್ಯಾರೆ ಇಕ್ಕವ್ರೆ, ಅಷ್ಟೇಯ. ಮನೆ ಇದೇ ಅಲ್ವ್ರಾ? ಮಲ್ಲಿಗೆ ಅಂಬೂ ಅದೆ, ಮಗ ಬೆಲ್ಲ ಚೀಪ್ತಿದ್ದುದೂ ಅದೆ. ಕಣ್ಣಾರೆ ಕಂಡೋರೇ ಬರ್ದವ್ರೆ ಅಂದ್ಕಂಡೆ. ಅದೊಂದು ತಪ್ಪು ಬರ್ದುಬುಟ್ಟವ್ರಲ್ಲ, ತಿದ್ಕಳ್ಳಿ ಅಂತ ಬರ್ದೆ.’

‘ನೀನು ಇದ್ದೆಯಾ ಆವತ್ತು?’

‘ನಾನಲ್ದೆ ಇನ್ಯಾರಿದ್ರು? ನಾಕನೆ ದಿನ ಕಣ್ರಮ್ಮೋರೆ. ತಲೆಗೆ ನೀರಾಕ್ಕಬೇಕಲ್ಲ, ಇಲ್ಲೇ, ಈ ಅಂಡೆ ಒಲೆ ಅತ್ತುಸ್ತಾ ಇದ್ರು. ತೆಂಗಿನ ಗರಿ ಅಸಿ ಇತ್ತು, ಅತ್ಕಳ್ನಿಲ್ಲ. ಸೀಮೆಎಣ್ಣೆ ಸುರುದ್ರು. ಸೀರೆಗೆ ಅತ್ಕಂಬುಡ್ತು. ನಾನು ಗಲ್ಲಿ ತಾವ ಬರ್ತಾ ಇದ್ದೆ, ಕೂಗು ಕೇಳ್ತು. ಓಡ್ಬಂದ್ರೆ ಅಮ್ಮೋರು ಬಾಗ್ಲು ಬಡೀತಾವ್ರೆ. ಎಲ್ಡು ಕೈಲೂ ಬಡೀತಾವ್ರೆ.’

‘ಒಳಗೆ ಯಾರಿದ್ದರು?’

‘ಅಜ್ಜಮ್ಮೋರು ದೇವಸ್ತಾನಕ್ಕೆ ಓಗಿದ್ರು. ಮಗ ಇತ್ತು. ಅಯ್ನೋರಿದ್ರು, ಪೂಜೆಗೆ ಕುಂತಿದ್ರು.’

ಅಷ್ಟು ಹೇಳುವ ಹೊತ್ತಿಗೆ ಒಳಗೆ ದೇವರ ಮನೆಯಲ್ಲಿ ಗಂಟೆ ಬಾರಿಸಲು ಶುರುವಾಯಿತು. ಯಜಮಾನರ ಭಾನುವಾರದ ಪೂಜೆ. ಚಿಕ್ಕಬೋರಮ್ಮ ಒದ್ದೆ ಕೈಯಲ್ಲೇ ಬಾಗಿಲ ಕಡೆ ತೋರಿಸಿದಳು.

‘ಇದೇ ಸದ್ದು ಕಣ್ರಮ್ಮೋರೆ. ಅಮ್ಮೋರು ಬಡೀತಾನೇ ಅವ್ರೆ, ಒಳ್ಗೆ ಗಂಟೆ ಒಡ್ಕತಾನೇ ಅದೆ. ನಾನು ಗೋಣಿತಾಟು ಸುತ್ತಿ ಕೈಲೇ ಆರ್ಸುದೆ. ಅದ್ಕೇ ಈ ಬೆಳ್ಳು ಇಂಗಾಗಿದ್ದು. ಗಂಟೆ ನಿಂತ ಮ್ಯಾಲೆ ಬಾಗ್ಲು ತೆಗುದ್ರು. ಅಷ್ಟೊತ್ಗೆ ಕೂಗೂ ನಿಂತೋಗಿತ್ತು.’

ನನಗೆ ಅಳು ಬರಲಿಲ್ಲ. ಅವಳ ಮಡಿಸಿದ ಬೆರಳುಗಳನ್ನೇ ನೋಡಿದೆ. ಆ ಕೈ ಹಿಡಿದು ಎರಡು ವರ್ಷ ಅಕ್ಷರ ತಿದ್ದಿಸಿದ್ದೆ ನಾನು.

‘ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಚಿಕ್ಕಬೋರಮ್ಮ?’

ಅವಳು ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಎದ್ದು ನಿಂತಳು. ಈಗ ಗಾಬರಿಯಾದವಳು ಅವಳು. ‘ಅಯ್ಯೋ ನಮ್ಮಪ್ಪ, ನಿಮ್ಗೆ ಗೊತ್ತಿಲ್ವಾ? ಗೊತ್ತಿದ್ದೇ ಬಂದ್ರಿ ಅಂದ್ಕಂಡಿದ್ದೆ ಕಣ್ರಮ್ಮೋರೆ. ಅಕ್ಕನ ಮಗೀಗೋಸ್ಕರ ಎಲ್ಲಾನೂ ನುಂಗ್ಕಂಡು ಬಂದವ್ರೆ, ಎಂತಾ ದೊಡ್ಡ ಮನ್ಸು ಅಂತ ನಮ್ ಬೀದೀಲೆಲ್ಲ ಆಡ್ಕತಿದ್ವಲ್ಲ!’

ಅಲ್ಲಿಂದ ದೇವರ ಮನೆಗೆ ಹತ್ತು ಹೆಜ್ಜೆ. ಹೇಗೆ ಹೋದೆ ಅಂತ ನೆನಪಿಲ್ಲ. ಯಜಮಾನರು ಮಡಿ ಪಂಚೆ ಉಟ್ಟು, ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ ಹಿಡಿದು ನಿಂತಿದ್ದರು. ನಾನು ಹೋಗಿ ಗಂಟೆಯ ಕೈಯನ್ನು ಹಿಡಿದುಕೊಂಡೆ. ಹತ್ತು ವರ್ಷದಲ್ಲಿ ಪೂಜೆಯ ಹೊತ್ತಿನಲ್ಲಿ ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು.

‘ಮುಟ್ಬೇಡ! ಮಡೀಲಿದೀನಿ!’ ಅವರು ಹಾವು ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಆರತಿ ತಟ್ಟೆ ಕೆಳಗೆ ಬಿತ್ತು.

‘ಕನಕ ಬಾಗಿಲು ಬಡಿದಾಗಲೂ ಹೀಗೇ ಅಂದ್ರಾ?’

ಅವರು ಬಗ್ಗಿ ಉರಿಯುವ ಬತ್ತಿಯನ್ನು ಕಾಲಿನ ಹತ್ತಿರದಿಂದ ಸರಿಸಿದರು. ನಾನು ಚೀರಿ ಕೇಳಿದೆ, ‘ಹೇಳಿ! ಅವಳು ಕೂಗಿದ್ದು ಕೇಳಿಸಿತಾ ಇಲ್ವಾ?’

‘ಕೇಳಿಸ್ತು,’ ಎಂದರು. ‘ಮಂಗಳಾರತಿ ಅರ್ಧದಲ್ಲಿತ್ತು. ಹಾವೋ ಗೀವೋ ಕಂಡು ಕೂಗ್ತಿದಾಳೆ ಅಂದ್ಕೊಂಡೆ. ಮಡೀಲಿ ಹೋಗಿ ಹೊರಗಾದವಳನ್ನ ಹೇಗೆ ಮುಟ್ಟೋದು? ಎರಡು ನಿಮಿಷ ಇಂದಿರ. ಮುಗಿಸಿ ತೆಗೀತೀನಿ ಅಂದ್ಕೊಂಡೆ. ಆಮೇಲೆ ಅಮ್ಮ ಬಂದು, ಕೇಳಿದವರಿಗೆ ಸ್ಟವ್ ಅಂತ ಹೇಳು ಅಂದ್ರು.’

ಅವರ ದನಿಯಲ್ಲಿ ನಡುಕವಿತ್ತು. ಇಲ್ಲ ಅನ್ನಲಾರೆ. ಆದರೆ ಅದಾದ ಮೇಲೆ ಅವರು ತಲೆಯೆತ್ತಿ, ನಿಜವಾಗಲೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು.

‘ಹತ್ತು ವರ್ಷ ಆದ್ಮೇಲೆ ಇವತ್ತು ಯಾಕೆ ಇದೆಲ್ಲ? ನಿಂಗೆ ಎಲ್ಲ ಗೊತ್ತಿತ್ತಲ್ಲ.’

‘ನಂಗಾ? ನಂಗೆ ಯಾರು ಹೇಳಿದ್ದು?’

‘ನಾಗಮಂಗಲಕ್ಕೆ ಬಂದು ನಿಮ್ಮಮ್ಮನ ಮುಂದೆ ಒಂದೂ ಬಿಡದೆ ಹೇಳೇ ನಾನು ನಿನ್ನ ಕೇಳಿದ್ದು. ಒಂದು ವಾರ ಸಮಯ ಕೇಳಿದ್ರು. ಆಮೇಲೆ, ಇಂದಿರಂಗೂ ಎಲ್ಲ ಹೇಳಿದೀನಿ, ಮಗು ಮುಖ ನೋಡಿ ಒಪ್ಪಿದಾಳೆ, ಇನ್ನು ಆ ಮಾತು ಎತ್ತಬೇಡಿ ಅಂದ್ರು.’

ಅಮ್ಮ ನನಗೆ ಏನೂ ಹೇಳಿರಲಿಲ್ಲ. ಮದುವೆಯ ಹಿಂದಿನ ದಿನ ನನ್ನ ಪೆಟ್ಟಿಗೆ ತೆಗೆದು, ಇದ್ದ ನೈಲಾನ್ ಸೀರೆಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟು, ಆ ಮನೆಯಲ್ಲಿ ಹತ್ತಿ ಸೀರೆ ಮಾತ್ರ ಉಡು ಎಂದಿದ್ದರು. ಅಷ್ಟೇ. ಮಡಿವಂತರ ಮನೆ, ಅದಕ್ಕೆ ಹೇಳುತ್ತಿದ್ದಾರೆ ಎಂದು ನಾನು ತಲೆಯಾಡಿಸಿದ್ದೆ. ನನ್ನ ಹೆತ್ತ ತಾಯಿ, ಒಬ್ಬಳನ್ನು ಸುಟ್ಟ ಮನೆಗೆ ಇನ್ನೊಬ್ಬಳನ್ನು ಸೀರೆ ಬದಲಾಯಿಸಿ ಕಳಿಸಿದ್ದರು. ಗಂಡ, ತಾಯಿ, ಗಂಜಾಂನ ಒಂದು ಬೀದಿ, ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನನ್ನನ್ನು ಗೊತ್ತಿದ್ದು ಬಂದವಳು ಎಂದೇ ನೋಡಿದ್ದರು.

ತಿರುಗಿದರೆ ಬಾಗಿಲಲ್ಲಿ ಸ್ಮೃತಿ. ಅರ್ಧ ಹೆಣೆದ ಜಡೆ ಕೈಯಲ್ಲೇ ಇತ್ತು. ತಟ್ಟೆ ಬಿದ್ದ ಸದ್ದಿಗೆ ಬಂದವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪನ ಕಡೆ ನೋಡಲೇ ಇಲ್ಲ ಅವಳು. ನನ್ನನ್ನೇ ನೋಡುತ್ತಿದ್ದಳು.

‘ನಿಂಗೂ ಗೊತ್ತಿತ್ತಾ?’

‘ಇಲ್ಲ ಕಂದ. ನಿನ್ನಾಣೆಗೂ ಇಲ್ಲ. ಈಗ, ಈ ಗಳಿಗೆ ಗೊತ್ತಾಗಿದ್ದು ನಂಗೆ.’ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಅಪ್ಪ ಈಗಷ್ಟೇ, ಅವಳ ಕಿವಿಗೇ ಬೀಳುವ ಹಾಗೆ, ಎಲ್ಲ ಗೊತ್ತಿತ್ತಲ್ಲ ಎಂದಿದ್ದರು.

ನನ್ನ ಕೈಯಲ್ಲಿದ್ದ ಪುಸ್ತಕವನ್ನು ಅವಳು ತೆಗೆದುಕೊಂಡಳು. ಹಿಂದಿನ ಹಾಳೆ ನೋಡಲಿಲ್ಲ. ತನ್ನ ಕೈಯಾರೆ ನಕಲು ಮಾಡಿಕೊಟ್ಟಿದ್ದ ಕೊನೆಯ ಅಧ್ಯಾಯ ತೆಗೆದು ನನ್ನ ಮುಖದೆದುರು ಹಿಡಿದಳು.

‘ಹಾಗಿದ್ರೆ ಇದರಲ್ಲಿ ಅಪ್ಪನ್ನ ಯಾಕೆ ಬಿಟ್ಟುಬಿಟ್ಟೆ, ಚಿಕ್ಕಮ್ಮ?’